ಅವ್ವನ ಮಷೀನು ಪಡಸಾಲೆಗೆ ಬಂದದ್ದು

ಮನೆ ಕಟ್ಟಿಸುವವರು ನನ್ನ ಹತ್ತಿರ ನಕ್ಷೆ ಬರೆಸಲು ಬರುತ್ತಾರೆ. ಬೆಳಗಾವಿಯಲ್ಲಿ ಎಷ್ಟೋ ವರ್ಷಗಳಿಂದ ಇದೇ ನನ್ನ ಉದ್ಯೋಗ. ಬರುವಾಗಲೇ ಅವರು ದೇವರಮನೆ ಯಾವ ದಿಕ್ಕಿಗೆ, ಅಡುಗೆಮನೆ ಯಾವ ಮೂಲೆಗೆ, ಕಾರು ಎಲ್ಲಿ ನಿಲ್ಲಬೇಕು ಎಂಬುದನ್ನೆಲ್ಲ ನಿಶ್ಚಯಿಸಿಕೊಂಡು ಬಂದಿರುತ್ತಾರೆ. ಅದನ್ನೆಲ್ಲ ಬರೆದುಕೊಂಡ ಮೇಲೆ ನಾನು ಒಂದು ಪ್ರಶ್ನೆ ಕೇಳುತ್ತೇನೆ: ಈ ಮನೆಯೊಳಗೆ ಕೂತು ಕೆಲಸ ಮಾಡುವವರು ಯಾರು, ಅವರು ಕೂಡುವುದು ಎಲ್ಲಿ? ಗಂಡಸರು ಹೆಚ್ಚಾಗಿ, "ಲ್ಯಾಪ್‌ಟಾಪ್ ಅಲ್ಲೇನ್ರಿ, ಎಲ್ಲೆರ ಕುಂತರ ಆತು" ಅಂದುಬಿಡುತ್ತಾರೆ. ಹೋದ ವಾರ ಬಂದಿದ್ದ ಒಬ್ಬಾಕೆ ಮನೆಯಲ್ಲೇ ಕೇಕು ಮಾಡಿ ಮಾರುವವಳು. ಗಂಡನ ಮುಖ ಒಮ್ಮೆ ನೋಡಿ, ನನ್ನ ಕಡೆ ತಿರುಗಿ, "ನನಗ ಒಂದು ಕಿಟಕಿ ಬೇಕ್ರಿ" ಅಂದಳು. ಅವಳು ಹೋದ ಮೇಲೂ ನಾನು ಪೆನ್ಸಿಲ್ಲು ಹಿಡಿದು ಬಹಳ ಹೊತ್ತು ಹಾಗೇ ಕೂತಿದ್ದೆ. ನನಗೆ ಹತ್ತು ವರ್ಷವಿದ್ದಾಗಿನ ಒಂದು ಮಳೆಗಾಲ ಕಣ್ಣ ಮುಂದೆ ಬಂದು ನಿಂತಿತ್ತು. ಅದನ್ನೇ ಇಲ್ಲಿ ಬರೆಯುತ್ತೇನೆ.

ನಮ್ಮ ಮನೆ ಬೆಳಗಾವಿಯ ಶಹಾಪುರದ ಒಂದು ಗಲ್ಲಿಯಲ್ಲಿತ್ತು. ಮುಂದೆ ಪಡಸಾಲೆ, ಅದರ ಹಿಂದೆ ನಡುಮನೆ, ಅದರ ಹಿಂದೆ ಅಡುಗೆಮನೆ, ಕೊನೆಗೆ ತಗಡು ಹೊದಿಸಿದ ಹಿತ್ತಲು. ಎಲ್ಲ ಒಂದೇ ಸಾಲು. ಎರಡೂ ಪಕ್ಕದ ಗೋಡೆಗಳು ನೆರೆಮನೆಯವರ ಗೋಡೆಗಳಿಗೆ ಅಂಟಿಕೊಂಡಿದ್ದರಿಂದ ಬೆಳಕು ಒಳಗೆ ಬರಲು ಎರಡೇ ದಾರಿ: ಬೀದಿಯ ಕಡೆಗೆ ಪಡಸಾಲೆಯ ಅಗಲವಾದ ಕಿಟಕಿ, ಹಿಂದಕ್ಕೆ ಹಿತ್ತಲ ಬಾಗಿಲು. ನಡುಮನೆಯಲ್ಲಿ ನಡುಮಧ್ಯಾಹ್ನವೂ ದೀಪ ಹಾಕಿಕೊಂಡೇ ಬಟ್ಟೆ ಮಡಚಬೇಕು. ಪಡಸಾಲೆಯ ಕಿಟಕಿ ಅಜ್ಜನದು. ಅಜ್ಜ, ಅಂದರೆ ಅಪ್ಪನ ಅಪ್ಪ, ಲೋಂಡಾ ಸ್ಟೇಷನ್ನಿನಲ್ಲಿ ಗಾಡಿಗಳಿಗೆ ಹಳಿ ಬದಲಿಸಿ ಕೊಡುವ ಕೆಲಸ ಮಾಡಿ ನಿವೃತ್ತನಾಗಿ ನಮ್ಮ ಮನೆಗೆ ಬಂದವನು. ಬರುವಾಗ ತಂದದ್ದು ಒಂದು ಟ್ರಂಕು, ಒಂದು ಕಟ್ಟಿಗೆಯ ಬೆಂಚು. ಆ ಬೆಂಚು ಕಿಟಕಿಯ ಕೆಳಗೆ ಬಂದು ನಿಂತಿತು. ನಸುಕಿನಲ್ಲಿ ಸ್ನಾನ ಮಾಡಿ, ಹಣೆಗೆ ವಿಭೂತಿ ಬಳಿದುಕೊಂಡು, ಅದರ ಮೇಲೆ ಕೂತು ಲಿಂಗಪೂಜೆ ಮಾಡುವುದು. ಚಹಾ ಕುಡಿಯುವುದು ಅಲ್ಲೇ. ಪೇಪರು ಓದುವುದು, ತೂಕಡಿಸುವುದು, ಗಲ್ಲಿಯಲ್ಲಿ ಹೋಗಿ ಬರುವವರನ್ನು ಕಣ್ಣಲ್ಲೇ ಮಾತಾಡಿಸುವುದು ಎಲ್ಲ ಅಲ್ಲೇ. ಬೆಂಚಿನ ಎದುರು ಗೋಡೆಗೆ ಅಪ್ಪನ ಸೋಫಾ. ಅಪ್ಪ ಊರ ಹೊರಗಿನ ಮಚ್ಛೆಯಲ್ಲಿ, ಕಬ್ಬಿಣ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿ ಮಿಸ್ತ್ರಿ. ಮಿಸ್ತ್ರಿಯಾದ ವರ್ಷ ಆ ಸೋಫಾ ತಂದಿದ್ದ. ಕಂದು ಬಣ್ಣದ ರೆಕ್ಸಿನ್ನಿನದು, ಮೂವರು ಕೂಡುವಂಥದು, ಮೇಲೆ ಅವ್ವ ಹೆಣೆದ ಬಿಳಿಯ ಜಾಳಿಗೆ ಬಟ್ಟೆ. ಅದರ ಮೇಲೆ ನಾವ್ಯಾರೂ ಕೂಡುತ್ತಿರಲಿಲ್ಲ. ಬಂದವರಿಗೆ ಅಂತ ಇಟ್ಟದ್ದು. ಬಂದವರು ಮಾತ್ರ ಅಜ್ಜನ ಜೊತೆ ಮಾತಾಡಲು ಬೆಂಚಿನ ಮೇಲೇ ಕೂತುಬಿಡುತ್ತಿದ್ದರು.

ಅವ್ವನ ತವರು ಖಾನಾಪುರ. ಆ ವರ್ಷದ ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋದಾಗ ಪಕ್ಕದ ಮನೆಯ ಶಾಂತಾ ಮಾವಶಿ ಅವ್ವನನ್ನು ಕರೆಕಳಿಸಿದಳು. ಮಾವಶಿ ನಮಗೆ ಸಂಬಂಧಿಕಳಲ್ಲ. ಮನೆಯಲ್ಲಿ ಮರಾಠಿ ಮಾತಾಡುವವರು. ಇಡೀ ಓಣಿಗೆ ಅವಳು ಮಾವಶಿ, ಅಂದರೆ ಚಿಕ್ಕಮ್ಮ. ಸ್ವೆಟರ್ ಹೆಣೆಯುವ ಕೈಮಷೀನು ಇಟ್ಟುಕೊಂಡು ಇಪ್ಪತ್ತು ವರ್ಷ ಒಬ್ಬಳೇ ಬಾಳುವೆ ಮಾಡಿದವಳು. ಮದುವೆಗೆ ಮುಂಚೆ ಅವ್ವ ಅವಳ ಹತ್ತಿರ ಕೆಲಸ ಕಲಿತಿದ್ದಳು. ಈಗ ಮಾವಶಿಯ ಕಣ್ಣು ಮಂಜಾಗಿದ್ದವು. ನಾವು ಒಳಗೆ ಹೋದಾಗ ಹೆಜ್ಜೆಯ ಸಪ್ಪಳದಿಂದಲೇ ಗುರುತು ಹಿಡಿದು ಅಂದಳು:

"ಕಸ್ತೂರಿ, ಬಾ. ಇನ್ನ ನನ್ನ ಕಣ್ಣು ಸೂಜಿ ಹಿಡಿಯಂಗಿಲ್ಲ. ಈ ಮಷೀನು ನೀ ತಗೊಂಡ್ ಹೋಗು."

"ನನಗ್ಯಾಕ ಮಾವಶಿ? ನಾ ಬಿಟ್ಟು ಹನ್ನೆರಡು ವರ್ಷ ಆತು. ಕೈ ಮರತಿರ್ತಾವ."

"ಕೈ ಮರೀತಾವೋ ಇಲ್ಲೋ ಕುಂತು ನೋಡು."

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು. ಮೇಜಿನ ಉದ್ದಕ್ಕೂ ಕಬ್ಬಿಣದ ಪಟ್ಟಿ, ಅದರೊಳಗೆ ಬಾಚಣಿಗೆಯ ಹಲ್ಲಿನ ಹಾಗೆ ಒತ್ತೊತ್ತಾಗಿ ನಿಂತ ನೂರಾರು ಸೂಜಿ, ಅವುಗಳ ಮೇಲೆ ಆಚೆ ಈಚೆ ಓಡುವ ಒಂದು ಗಾಡಿ. ಅವ್ವ ಉಣ್ಣೆಯ ಎಳೆ ಪೋಣಿಸಿ ಗಾಡಿಯನ್ನು ಬಲಕ್ಕೆ ತಳ್ಳಿದಳು, ಎಡಕ್ಕೆ ಎಳೆದಳು. ಸರ್ ಎಂದಿತು, ಮತ್ತೆ ಸರ್ ಎಂದಿತು. ನಾಲ್ಕು ಸಾಲಾಗುವುದರೊಳಗೆ ಅವಳು ನಾವಿದ್ದದ್ದನ್ನೇ ಮರೆತಳು. ನಾನು ಅವ್ವನನ್ನು ಒಲೆಯ ಮುಂದೆ, ಬಟ್ಟೆ ಒಗೆಯುವ ಕಲ್ಲಿನ ಮುಂದೆ, ಅಜ್ಜನ ಚಹಾದ ಬಟ್ಟಲಿನ ಮುಂದೆ ನೋಡಿದ್ದೆ. ಆ ಮಷೀನಿನ ಮುಂದೆ ಕೂತವಳ ಮುಖ ನನಗೆ ಗೊತ್ತಿರಲಿಲ್ಲ. ಹುಬ್ಬು ಸಡಿಲಾಗಿದ್ದವು, ಬಾಯಿ ಸ್ವಲ್ಪ ತೆರೆದಿತ್ತು, ನನಗಿಂತ ಸ್ವಲ್ಪ ದೊಡ್ಡ ಹುಡುಗಿಯೊಬ್ಬಳು ಅಲ್ಲಿ ಕೂತ ಹಾಗಿತ್ತು. ಮಾವಶಿ ಕಿವಿಗೊಟ್ಟು ಕೇಳುತ್ತಿದ್ದವಳು, "ಬರೋಬರಿ ಐತಿ" ಅಂದಳು. ನಾಲ್ಕನೇ ದಿನ ನಾವು ಪ್ಯಾಸೆಂಜರ್ ಗಾಡಿಯಲ್ಲಿ ಬೆಳಗಾವಿಗೆ ಮರಳಿದಾಗ ಉದ್ದನ್ನ ಕಟ್ಟಿಗೆ ಪೆಟ್ಟಿಗೆಯೊಂದು ನಮ್ಮ ಮೂವರ ತೊಡೆಯ ಮೇಲೆ ಮಲಗಿತ್ತು. ನನ್ನದು, ಅವ್ವನದು, ಪಕ್ಕದಲ್ಲಿ ಕೂತಿದ್ದ ಅಪರಿಚಿತ ಅಜ್ಜಿಯೊಬ್ಬಳದು.

ತಂದದ್ದೇನೋ ಆಯಿತು, ಇಡುವುದು ಎಲ್ಲಿ? ಅವ್ವ ಮೊದಲು ನಡುಮನೆಯಲ್ಲಿ ಇಟ್ಟಳು. ಹಗಲು ಹೊತ್ತೂ ಬಲ್ಬಿನ ಬೆಳಕೇ ಗತಿ. ಕೆಂಪು ಉಣ್ಣೆ ಹೇಗೋ ನಡೆಯಿತು. ಆ ಕೆಂಪಿನಿಂದ ನನಗೊಂದು ಸ್ವೆಟರ್ ಆಯಿತು. ಜೂನಿನಲ್ಲಿ ಮಳೆ ಹಿಡಿದು ಚಳಿ ಬಿಟ್ಟ ಒಂದು ದಿನ ಅದನ್ನು ಹಾಕಿಕೊಂಡು ನಾನು ದಂಡಿನ ಪ್ರದೇಶವಾದ ಕ್ಯಾಂಪಿನ ನನ್ನ ಸಾಲೆಗೆ ಹೋದೆ. ನಮ್ಮದು ಕ್ರೈಸ್ತ ಸನ್ಯಾಸಿನಿಯರು ನಡೆಸುವ ಸಾಲೆ. ಹಾಸ್ಟೆಲ್ ನೋಡಿಕೊಳ್ಳುವ ವಯಸ್ಸಾದ ಸಿಸ್ಟರ್ ಒಬ್ಬರು ನನ್ನನ್ನು ನಿಲ್ಲಿಸಿ, ಕುತ್ತಿಗೆಯ ಅಂಚನ್ನು ಬೆರಳಿನಿಂದ ಎತ್ತಿ ನೋಡಿ, ಇದನ್ನು ಹೆಣೆದವರು ಯಾರು ಎಂದು ಕೇಳಿದರು. ಮರುದಿನ ಅವ್ವ ಇಸ್ತ್ರಿ ಮಾಡಿದ ಸೀರೆ ಉಟ್ಟು ಅವರ ಮುಂದೆ ನಿಂತಿದ್ದಳು. ಹಾಸ್ಟೆಲಿನ ಮೂವತ್ತು ಹುಡುಗಿಯರಿಗೆ ಚಳಿಗಾಲಕ್ಕೆ ಸ್ವೆಟರ್ ಬೇಕಾಗಿತ್ತು. ಬಣ್ಣ ಕಡುನೀಲಿ. ಅವ್ವ ಹೂಂ ಅಂದು ಬಂದಳು. ಮನೆಗೆ ಬರುವ ದಾರಿಯಲ್ಲಿ ಅವಳು ನನ್ನ ಕೈ ಹಿಡಿದಿದ್ದಳು. ನಾನು ಅಂಥ ಸಣ್ಣವಳೇನೂ ಆಗಿರಲಿಲ್ಲ, ಅವಳಿಗೇ ಏನನ್ನಾದರೂ ಹಿಡಿದುಕೊಳ್ಳಬೇಕಾಗಿತ್ತು.

ಕಡುನೀಲಿ ಉಣ್ಣೆ ನಡುಮನೆಯ ಬಲ್ಬಿನ ಕೆಳಗೆ ಕರ್‍ರಗೆ ಕಾಣುತ್ತಿತ್ತು. ಯಾವ ಸೂಜಿಯ ಎಳೆ ಜಾರಿತು ಎಂಬುದು ತಿಳಿಯುತ್ತಿರಲಿಲ್ಲ. ಅಂಗೈ ಉದ್ದ ಹೆಣೆದು ಕಿಟಕಿಗೆ ಒಯ್ದು ನೋಡಿದರೆ ಮಧ್ಯದಲ್ಲಿ ಏಣಿಯ ಹಾಗೆ ಬಿಟ್ಟುಕೊಂಡಿರುತ್ತಿತ್ತು. ಬಿಚ್ಚಬೇಕು, ಮತ್ತೆ ಶುರು ಮಾಡಬೇಕು. ಅವ್ವ ಮಷೀನನ್ನು ಹಿತ್ತಲಿಗೆ ಒಯ್ದಳು. ಬೆಳಕು ಬಂತು, ಜೊತೆಗೆ ಬೆಳಗಾವಿಯ ಮಳೆಯೂ ಬಂತು. ತಗಡಿನ ಸಂದಿನಿಂದ ಎರಚಲು ಹೊಡೆದು ಎಂಟು ದಿನದಲ್ಲಿ ಸೂಜಿಗಳಿಗೆ ತುಕ್ಕು. ನಾನು ಮತ್ತು ಅವ್ವ ಒಂದೊಂದೇ ಸೂಜಿ ಕಿತ್ತು ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿದೆವು. ಕೊನೆಗೆ ಅಡುಗೆಮನೆ. ಹಿತ್ತಲ ಬಾಗಿಲಿಗೆ ಹತ್ತಿರ ಒಂದು ಮೂಲೆ, ಅಷ್ಟಿಷ್ಟು ಬೆಳಕು, ಮಳೆಯಿಲ್ಲ. ಅಲ್ಲಿ ಅವ್ವ ರೊಟ್ಟಿ ಬಡಿದು, ಕಡಲೆಹಿಟ್ಟಿನ ಝುಣಕ ಮಾಡಿ, ಕೈ ತೊಳೆದು, ಮತ್ತೆ ಗಾಡಿ ತಳ್ಳಿ, ಆರು ಸ್ವೆಟರ್ ಮುಗಿಸಿದಳು. ಕಾಗದದಲ್ಲಿ ಸುತ್ತಿ ನಾವಿಬ್ಬರೂ ಒಯ್ದು ಕೊಟ್ಟೆವು. ಸಿಸ್ಟರ್ ಒಂದನ್ನು ಬಿಡಿಸಿ ಹಿಡಿದರು, ಮೂಗಿನ ಹತ್ತಿರ ತಂದರು, ನನ್ನನ್ನು ನೋಡಿದರು.

"ಕೆಲಸ ಛಲೋ ಐತಮ್ಮಾ," ಅಂದರು ಮೆಲ್ಲಗೆ. "ಆದ್ರ ಬೆಳ್ಳುಳ್ಳಿ ಒಗ್ಗರಣಿ ವಾಸನಿ ಬರಾಕತ್ತೇತಿ. ನಮ್ಮ ಹುಡುಗ್ಯಾರು ಇದನ್ನ ಹಾಕ್ಕೊಂಡ್ರ ಪ್ರಾರ್ಥನಿ ಹೊತ್ತಿನಾಗ ಹಸಿವಿ ಆಗ್ತೈತಿ ಅಂತಾರ. ಒಂದೆರಡು ಎಳಿನೂ ಬಿಟ್ಟಾವ ನೋಡ್ರಿ. ತಿರುಗಿ ಒಯ್ರಿ. ದೀಪಾವಳಿ ಸೂಟಿ ಮುಗಿಯೂತನಾ ಟೈಮ್ ಐತಿ."

ಅವರು ಬೈಯಲಿಲ್ಲ, ನಕ್ಕರು ಕೂಡ. ಆದರೆ ಅವ್ವನಿಗೆ ಆ ನಗೆ ಬೈಗುಳಕ್ಕಿಂತ ಹೆಚ್ಚು ನಾಟಿತು. ಆ ಆರು ಸ್ವೆಟರುಗಳನ್ನು ಎದೆಗವಚಿಕೊಂಡು ಅವಳು ಕ್ಯಾಂಪಿನಿಂದ ಶಹಾಪುರದವರೆಗೆ ನಡೆದಳು.

ಅಂದು ಸಂಜೆ ಅಪ್ಪ ಮಚ್ಛೆಯಿಂದ ಸೈಕಲ್ ತುಳಿದುಕೊಂಡು ಬಂದು, ಕೈಕಾಲು ತೊಳೆದು ಊಟಕ್ಕೆ ಕೂತ. ಅಜ್ಜ ಮಠದ ಕಡೆ ಹೋಗಿದ್ದ. ಅವ್ವ ರೊಟ್ಟಿ ಬಡಿಸಿ, ಎದುರು ನಿಂತು, ಪಡಸಾಲೆಯ ಕಿಟಕಿ ಬೇಕು ಎಂದು ಕೇಳಿದಳು. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ಪಡಸಾಲಿ ಅಂದ್ರ ಮನಿ ಮಾರಿ ಇದ್ದಂಗ. ಅಲ್ಲೆ ಮಷೀನ್ ಹಾಕಿದ್ರ ಮಂದಿ ಅಂಗಡಿ ಅಂತಾರ."

"ಅಂದ್ರ ಅನ್ಲಿ. ಹೆಣೆಯಾಕ ಬೆಳಕ ಬೇಕು, ನಾ ಏನ ಮಾಡ್ಲಿ?"

"ಅಪ್ಪ ಎಲ್ಲಿ ಕುಂದರಬೇಕು? ಜೀವನಾ ಪೂರ್ತಿ ಮಳಿ ಬಿಸಿಲಾಗ ಹಳಿ ಬಾಜು ನಿಂತು ದುಡದಾನ. ಈಗ ನಿನ್ನ ಮಷೀನಿಗೆ ಜಾಗಾ ಬೇಕು, ಏಳು ಅಂತ ನಾ ಹೇಳಲೇನು? ನೀ ಹೇಳತಿಯೇನು?"

ಮಾವನಿಗೆ ಏಳು ಅನ್ನುವ ಸೊಸೆ ಅವ್ವ ಆಗಲಾರಳು ಎಂಬುದು ಅಪ್ಪನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳು ಅಡುಗೆಮನೆಯ ಮೂಲೆಗೆ ಹೋಗಿ ಮಷೀನಿನ ಹಿಡಿಕೆಗಳ ತಿರುಪು ಬಿಚ್ಚತೊಡಗಿದಳು. ಗಾಡಿ ತೆಗೆದು ಬಟ್ಟೆಯಲ್ಲಿ ಸುತ್ತಿದಳು, ಪಟ್ಟಿಯನ್ನು ಪೆಟ್ಟಿಗೆಯೊಳಗೆ ಮಲಗಿಸಿದಳು. "ರವಿವಾರ ಖಾನಾಪುರಕ್ಕ ಒಯ್ದು ಮಾವಶಿಗೆ ಕೊಟ್ಟು ಬರ್ತೀನಿ" ಅಂದಳು. ಅಪ್ಪ ತಾಟಿನಲ್ಲಿ ಅರ್ಧ ರೊಟ್ಟಿ ಬಿಟ್ಟು ಎದ್ದ.

ಮರುದಿನ ಸಾಲೆಯಿಂದ ಬಂದಾಗ ಅಜ್ಜ ಒಬ್ಬನೇ ಬೆಂಚಿನ ಮೇಲಿದ್ದ. ಮಳೆ ನಿಂತು ಗಲ್ಲಿಯ ಕಲ್ಲುಗಳು ಮಿರುಗುತ್ತಿದ್ದವು. ನಾನು ಪಾಟಿಚೀಲ ಇಳಿಸದೆ ಅವನ ಮುಂದೆ ನಿಂತು ಕೇಳಿಬಿಟ್ಟೆ:

"ಅಜ್ಜಾ, ನಿನ್ನ ಕಿಟಕಿ ಅವ್ವಗ ಕೊಡ್ತಿ?"

ಯಾಕೆ ಎಂದು ಅವನು ಕೇಳಿದ. ನಡುಮನೆಯ ಕತ್ತಲು, ತುಕ್ಕು, ಬೆಳ್ಳುಳ್ಳಿ, ಅಪ್ಪ ಅಂದದ್ದು, ಅವ್ವ ಪೆಟ್ಟಿಗೆ ಕಟ್ಟಿದ್ದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅಜ್ಜ ನನ್ನನ್ನು ನೋಡಲಿಲ್ಲ. ಮುಖ ಕಿಟಕಿಯ ಕಡೆ ತಿರುಗಿಸಿ ಕೂತವನು ಅಂದು ಊಟಕ್ಕೂ ಸರಿಯಾಗಿ ಬರಲಿಲ್ಲ. ಮರುದಿನ ಶನಿವಾರ. ಬೆಳಗ್ಗೆ ನಾನು ಏಳುವ ಹೊತ್ತಿಗೆ ಬೆಂಚು ಖಾಲಿಯಿತ್ತು. ಅವನ ಕೋಲು, ಕೋಟು, ಛತ್ರಿ ಮೂರೂ ಇರಲಿಲ್ಲ. ಅವ್ವ ಮೊದಲು ಮಠಕ್ಕೆ ಹೋದ ಅಂದುಕೊಂಡಳು. ಮಠದಲ್ಲಿಲ್ಲ. ಗಲ್ಲಿಯ ಯಾರಿಗೂ ಗೊತ್ತಿಲ್ಲ. ಹಾಲಿನವನು ಮಾತ್ರ ನಸುಕಿನಲ್ಲಿ ನೋಡಿದ್ದ, ಮಾತಾಡಿಸಿದರೆ ಉತ್ತರ ಕೊಡದೆ ಹೋದ ಅಂದ. ಪಕ್ಕದ ಮನೆಯವರು ಫೌಂಡ್ರಿಗೆ ಫೋನ್ ಹಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಅಪ್ಪ ಮಸಿ ಅಂಗಿಯಲ್ಲೇ ಬಂದು, ಮತ್ತೆ ಸೈಕಲ್ ಹತ್ತಿ ಅಜ್ಜನ ಪರಿಚಯದವರ ಮನೆಗಳಿಗೆಲ್ಲ ಸುತ್ತಲು ಹೋದ.

ಅಪ್ಪ ಹೋದ ಮೇಲೆ ಅವ್ವ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದಳು. ನಾನು ಅವಳ ಹತ್ತಿರ ಹೋಗಿ, ನಾನೇ ಅಜ್ಜನಿಗೆ ಕಿಟಕಿ ಕೊಡು ಅಂದೆ, ಅದಕ್ಕೇ ಹೋದ ಎಂದು ಹೇಳಿ ಅಳತೊಡಗಿದೆ. ಬೆನ್ನ ಮೇಲೆ ಎರಡು ಬೀಳುತ್ತವೆ ಎಂದುಕೊಂಡಿದ್ದೆ. ಅವ್ವ ನನ್ನ ಜಡೆಯನ್ನು ಬೆನ್ನ ಹಿಂದಕ್ಕೆ ಸರಿಸಿದಳು.

"ಅದನ್ನ ನಾ ಕೇಳಬೇಕಾಗಿತ್ತು ಶೈಲಾ," ಅಂದಳು. "ಇಲ್ಲಾ ನಿಮ್ಮ ಅಪ್ಪ ಕೇಳಬೇಕಾಗಿತ್ತು. ದೊಡ್ಡವರು ಇಬ್ಬರೂ ಬಿಟ್ಟು ನೀ ಕೇಳಿದಿ. ಅಳಬ್ಯಾಡ."

ದೀಪ ಹಚ್ಚುವ ಹೊತ್ತಿಗೆ ಅಜ್ಜ ಬಂದ. ರಿಕ್ಷಾದಿಂದ ಇಳಿದು, ಕಟ್ಟೆಯ ಮೇಲೆ ಛತ್ರಿ ಝಾಡಿಸಿ, ಚಪ್ಪಲಿ ಬಿಟ್ಟು ಒಳಗೆ ಬಂದು ಬೆಂಚಿನ ಮೇಲೆ ಕೂತ. ಅಪ್ಪ ಆಗಷ್ಟೇ ಬಂದು ಗೋಡೆಗೆ ಒರಗಿದ್ದ. ಅವ್ವ ನೀರು ತಂದು ಕೊಟ್ಟಳು. ಅವನು ಪೂರ್ತಿ ಕುಡಿದು ತಂಬಿಗೆ ಕೆಳಗಿಟ್ಟ.

"ಖಾನಾಪುರಕ್ಕ ಹೋಗಿದ್ನಿ," ಅಂದ.

"ಯಾಕ ಅಪ್ಪಾ?" ಅಪ್ಪ ಕೇಳಿದ.

"ಆ ಮಾವಶಿ ಮನಿಗೆ. ಒಂದು ಮಷೀನು ಇಪ್ಪತ್ತು ವರ್ಷ ಒಂದ ಜಾಗಾದಾಗ ನಿಂತು ದುಡದೈತಿ ಅಂದ ಮ್ಯಾಲ, ಅದು ಹೆಂಗ ನಿಂತಿತ್ತು ಅಂತ ನೋಡಬೇಕಲ್ಲ. ನೀವು ಪೆಟ್ಟಿಗಿ ಅಷ್ಟ ಎತ್ತಿಕೊಂಡು ಬಂದ್ರಿ."

ಕೋಟಿನ ಕಿಸೆಯಿಂದ ಒಂದು ಸುತಳಿ ತೆಗೆದ. ಅದರಲ್ಲಿ ಮೂರು ಗಂಟುಗಳಿದ್ದವು. ಮಾವಶಿಯ ಮನೆಯ ನೆಲದಲ್ಲಿ ಮೇಜಿನ ಕಾಲು ಕೂತ ಗುಳಿಗಳು ಇನ್ನೂ ಇದ್ದವಂತೆ. ಅಲ್ಲಿಂದ ಕಿಟಕಿಗೆ ಎಷ್ಟು, ಮೇಜು ನೆಲದಿಂದ ಎಷ್ಟೆತ್ತರ, ಅವಳು ಕೂಡುತ್ತಿದ್ದ ಮಣೆ ಎಷ್ಟೆತ್ತರ, ಮೂರನ್ನೂ ಸುತಳಿಯಲ್ಲಿ ಅಳೆದು ಗಂಟು ಹಾಕಿಕೊಂಡು ಬಂದಿದ್ದ. ಎದ್ದು, ಸುತಳಿಯ ಒಂದು ತುದಿಯನ್ನು ನಮ್ಮ ಕಿಟಕಿಯ ಸರಳಿಗೆ ಹಿಡಿದ. ಇನ್ನೊಂದು ತುದಿ ನನ್ನ ಕೈಗೆ ಕೊಟ್ಟ.

"ಮಾರಿ ಕಿಟಕಿಗೆ ಮಾಡಿ ಕುಂದರಬಾರದಂತ. ಬೆಳಕ ಎಡಗಡೆಯಿಂದ ಬೀಳಬೇಕಂತ. ಟೇಬಲ್ ಕಿಟಕಿಗೆ ಅಡ್ಡ ಬರಂಗಿಲ್ಲ, ಬಾಜು ಬರತೈತಿ. ಅರ್ಧ ಕಿಟಕಿ ಅಕಿಗೆ ಸಾಕು. ಉಳಿದರ್ಧ ನನಗ ಸಾಕು. ನನ್ನ ಬೆಂಚು ಎಲ್ಲೂ ಹೋಗಬೇಕಾಗಿಲ್ಲ." ಕಿಟಕಿಯ ದೂರ ತೋರಿಸುವ ಗಂಟು ಬಂದು ನಿಂತ ಜಾಗ ಅಪ್ಪನ ಸೋಫಾ ಆಗಿತ್ತು. ಅಜ್ಜ ಅದನ್ನು ಗದ್ದದಿಂದ ತೋರಿಸಿದ. "ಹೋಗಬೇಕಾದ್ದು ಇದು."

ಅಪ್ಪ ಸೋಫಾವನ್ನು ನೋಡಿದ.

"ಮಂದಿ ಬಂದ್ರ?" ಅಂದ.

"ಈ ವರ್ಷ ಇದರ ಮ್ಯಾಲ ಯಾರು ಕುಂತಾರ ಹೇಳು. ಬಂದವರಿಗೆ ನನ್ನ ಬೆಂಚ್ ಐತಿ."

ಅವ್ವ ನಡುಮನೆಯ ಬಾಗಿಲಲ್ಲಿ ನಿಂತಿದ್ದಳು. ಅಜ್ಜನ ಮುಂದೆ ಅವಳು ಎಂದೂ ಹೆಚ್ಚು ಮಾತಾಡಿದವಳಲ್ಲ. "ಮಾವಾರ, ನೀವು ಈ ಮಳಿಯೊಳಗ..." ಎಂದು ಶುರು ಮಾಡಿ ಮುಂದೆ ಹೋಗಲಾಗದೆ ನಿಂತಳು. ಅಜ್ಜ ನನ್ನನ್ನು ಬೆಂಚಿನ ಮೇಲೆ ತನ್ನ ಪಕ್ಕದಲ್ಲಿ ಕೂರಿಸಿಕೊಂಡ.

"ನೀ ಕೇಳಿದಾಗ ನನಗ ಭಾಳ ಸಿಟ್ಟ ಬಂದಿತ್ತು," ಅಂದ. "ಸ್ಟೇಷನ್ ಮುಟ್ಟೂತನಾ ಸಿಟ್ಟಿನಾಗ ಹೋದ್ನಿ. ಲೋಂಡಾಕ್ಕ ಹೋಗಿ ಅಲ್ಲೇ ಯಾರದರ ಮನಿಯೊಳಗ ಇದ್ದುಬಿಡೂಣು ಅಂತ ಟಿಕೀಟೂ ಲೋಂಡಾದ್ದ ತಗಿಸಿದ್ನಿ. ಗಾಡಿಯೊಳಗ ಕುಂತ ಮ್ಯಾಲ ಅನಿಸ್ತು, ಈ ಮನಿಯೊಳಗ ನನ್ನನ್ನ ಯಾರೂ ಏನೂ ಕೇಳದ ಎಷ್ಟೋ ವರ್ಷ ಆಗಿತ್ತು. ಚಹಾ ಕೊಡ್ತಾರ, ಊಟಾ ಕೊಡ್ತಾರ, ಪೇಪರ್ ಕೊಡ್ತಾರ. ಕೇಳಾಂಗಿಲ್ಲ. ಖಾನಾಪುರ ಬಂತು, ಇಳದ್ನಿ."

ಈ ಮಾತನ್ನು ಅವನು ನನಗೆ ಹೇಳಿದನಾದರೂ ಪಡಸಾಲೆಯಲ್ಲಿದ್ದ ಇನ್ನಿಬ್ಬರೂ ತಲೆ ತಗ್ಗಿಸಿ ಕೇಳಿದರು. ಮನೆಯಲ್ಲಿ ಯಾರ ಪರವಾಗಿ ಯಾರು ಮಾತಾಡುತ್ತಿದ್ದೇವೆ, ಅವರನ್ನು ಒಮ್ಮೆಯಾದರೂ ಕೇಳಿದ್ದೇವೆಯೇ ಎಂಬ ಸಂಶಯ ನನಗೆ ಆಗ ಹತ್ತಿದ್ದು, ಇನ್ನೂ ಬಿಟ್ಟಿಲ್ಲ.

ರವಿವಾರ ಬೆಳಗ್ಗೆ ಸೋಫಾ ಎತ್ತುವ ಕೆಲಸ. ಅದು ನಡುಮನೆಯ ಬಾಗಿಲಲ್ಲಿ ಹಿಡಿಯಲಿಲ್ಲ. ಉದ್ದಕ್ಕೆ, ಅಡ್ಡಕ್ಕೆ, ತಲೆಕೆಳಗೆ ಮಾಡಿ ನೋಡಿ, ಕೊನೆಗೆ ಅಪ್ಪ ಅದರ ಕಾಲು ಬಿಚ್ಚಿದ ಮೇಲೆ, ಸೋಫಾದ ಒಂದು ಕೈ ಮುರಿಯುವ ಹಾಗೆ ಸದ್ದಾಗಿ, ಹೇಗೋ ಒಳಗೆ ಹೋಯಿತು. ಕಾಲಿಲ್ಲದ ಸೋಫಾ ನಡುಮನೆಯ ಕತ್ತಲಲ್ಲಿ ನೆಲಕ್ಕೆ ಕೂತಿತು. ಎರಡು ದಿನ ಅಪ್ಪ ಫೌಂಡ್ರಿಯಿಂದ ಬಂದವನು ಹೋಗಿ ಅದರ ಮೇಲೆ ಒಬ್ಬನೇ ಕೂಡುತ್ತಿದ್ದ. ಈ ನಡುವೆ ಅವ್ವ ಹಳೆಯ ಮೇಜಿನ ಮೇಲೆ ಮಷೀನು ಕೂರಿಸಿದ್ದಳು. ಗಾಡಿ ತಳ್ಳಿದರೆ ಮೇಜೇ ಅಲುಗಾಡುತ್ತಿತ್ತು. ನೆಲ ಕಿಟಕಿಯ ಕಡೆಗೆ ಸ್ವಲ್ಪ ಇಳಿಜಾರು. ಅಜ್ಜ ಅಂಚಿನವರೆಗೆ ನೀರು ತುಂಬಿದ ಒಂದು ಗ್ಲಾಸನ್ನು ಮೇಜಿನ ಮೇಲಿಟ್ಟು ಅದನ್ನು ತೋರಿಸಿಕೊಟ್ಟ. ಕಾಲಿನ ಕೆಳಗೆ ಕಾಗದ ಮಡಚಿ ಇಟ್ಟೆವು, ಚಪ್ಪಟೆ ಕಲ್ಲು ಇಟ್ಟೆವು. ಪ್ರಯೋಜನವಾಗಲಿಲ್ಲ. ಅಪ್ಪ ನಡುಮನೆಯಿಂದ ಇದನ್ನೆಲ್ಲ ನೋಡುತ್ತಿದ್ದ. ಮೂರನೇ ದಿನ ಸಂಜೆ ಅವನ ಸೈಕಲ್ಲಿನ ಹಿಂದೆ ಮೇಜಿಗೆಂದು ನಾಲ್ಕು ಕಬ್ಬಿಣದ ಕಾಲುಗಳು ಬಂದವು. ಫೌಂಡ್ರಿಯ ಪಕ್ಕದ ಶೆಡ್ಡಿನ ಗೆಳೆಯನಿಂದ ಕೊಯ್ಯಿಸಿ, ಬೆಸುಗೆ ಹಾಕಿಸಿ, ಪ್ರತಿ ಕಾಲಿನ ತುದಿಗೆ ಮೇಲೆ ಕೆಳಗೆ ಮಾಡುವ ತಿರುಪು ಹಾಕಿಸಿದ್ದ. ಕೈ ತೊಳೆಯುವ ಮೊದಲೇ ಕೂತು ಜೋಡಿಸಿದ. ಅಜ್ಜ ನೀರಿನ ಗ್ಲಾಸು ಇಡುವುದು, ಅಪ್ಪ ಹೊಟ್ಟೆಯ ಮೇಲೆ ಮಲಗಿ ತಿರುಪು ತಿರುಗಿಸುವುದು. "ಇನ್ನ ಒಂಚೂರು. ಸಾಕು. ಅತ್ತಾಗಿಂದು ಎತ್ತು" ಎಂದು ಅಜ್ಜ ಹೇಳುತ್ತಿದ್ದ ದನಿಯಲ್ಲಿ ಲೋಂಡಾದ ಯಾರ್ಡಿನ ಜೋರು ಬಂದುಬಿಟ್ಟಿತ್ತು. ಅವ್ವ ಕೂತು ಗಾಡಿ ತಳ್ಳಿದಳು. ಮೇಜು ಅಲುಗಲಿಲ್ಲ. ಗ್ಲಾಸಿನ ನೀರು ಹನಿಯೂ ಚೆಲ್ಲಲಿಲ್ಲ.

ಆಮೇಲೆ ನಮ್ಮ ಪಡಸಾಲೆಗೆ ಅದರದೇ ಒಂದು ಕ್ರಮ ಬಂತು. ಅಜ್ಜ ಪೂಜೆ ಮುಗಿಸಿ ಕಿಟಕಿಯ ಎರಡೂ ಬಾಗಿಲು ಪೂರ್ತಿ ತೆರೆದ ಮೇಲೆ ಅವ್ವನ ಕೆಲಸ ಶುರು. ಅಡುಗೆ ಅಷ್ಟರೊಳಗೆ ಮುಗಿದಿರಬೇಕು. ಒಗ್ಗರಣೆ ಹಾಕುವಾಗ ನಡುಮನೆಯ ಬಾಗಿಲು ಮುಚ್ಚಿರಬೇಕು. ಉಣ್ಣೆಗೆ ಒಂದು ಟ್ರಂಕು, ಒಳಗೆ ಬೇವಿನ ಎಲೆ. ಅಜ್ಜ ತನ್ನ ಟ್ರಂಕನ್ನೇ ಖಾಲಿ ಮಾಡಿ ಕೊಟ್ಟ. ಹೆಣೆದ ತುಂಡುಗಳು ಒಂದು ಹಗ್ಗದ ಮೇಲೆ, ತೋಳು ಬೇರೆ, ಬೆನ್ನು ಬೇರೆ. ಮಧ್ಯಾಹ್ನದ ಊಟದ ನಂತರ ಒಂದು ಗಂಟೆ ಮಷೀನಿಗೆ ಬಿಡುವು, ಏಕೆಂದರೆ ಅಜ್ಜ ನಿದ್ದೆ ಮಾಡಬೇಕು. ಆದರೆ ಎಂಟೇ ದಿನದಲ್ಲಿ ಅವನು, "ನಿಂದು ನಡಸವಾ, ಆ ಸಪ್ಪಳ ಇಲ್ಲಂದ್ರ ನನಗ ನಿದ್ದಿ ಹತ್ತಾಂಗಿಲ್ಲ" ಅಂದ. ಸಾಲೆಯಿಂದ ಬಂದ ಮೇಲೆ ನಾನು ಬೆಂಚಿನ ಮೇಲೆ ಅಜ್ಜನ ಪಕ್ಕದಲ್ಲಿ ಕೂತು ಲೆಕ್ಕ ಮಾಡುತ್ತಿದ್ದೆ. ಎದುರಿಗೆ ಅವ್ವ, ಎಡ ಭುಜದ ಮೇಲೆ ಬೆಳಕು. ಒಂದು ಮೂಲೆ ಸರಿಯಾಗಿ ಜೋಡಿಸಿದರೆ ಒಬ್ಬ ಮನುಷ್ಯ ಎಷ್ಟು ನೆಟ್ಟಗೆ ಕೂಡುತ್ತಾನೆ ಎಂಬುದನ್ನು ನಾನು ಕಲಿತದ್ದು ಅಲ್ಲಿಂದ ನೋಡಿಯೇ.

ಮೂವತ್ತು ಸ್ವೆಟರುಗಳು ದೀಪಾವಳಿ ರಜೆ ಮುಗಿಯುವ ನಾಲ್ಕು ದಿನ ಮೊದಲೇ ಸಿದ್ಧವಾದವು. ಸಿಸ್ಟರ್ ಮೊದಲು ಮೂಸಿ ನೋಡಿದರು, ಆಮೇಲೆ ಅಂಚು ಎಳೆದು ನೋಡಿದರು, ಆಮೇಲೆ ಮುಂದಿನ ವರ್ಷ ಹಾಸ್ಟೆಲಿಗಷ್ಟೇ ಅಲ್ಲ, ಸಾಲೆಯ ಸಣ್ಣ ತರಗತಿಗಳಿಗೂ ಹೆಣೆದು ಕೊಡಲಾದೀತೇ ಎಂದು ಕೇಳಿದರು. ಅಳತೆಗೆಂದು ಹೆಣೆದ ಮೂವತ್ತೊಂದನೆಯದನ್ನು ಅವ್ವ ಖಾನಾಪುರಕ್ಕೆ ಒಯ್ದಳು. ಮಾವಶಿ ಅದನ್ನು ತೊಡೆಯ ಮೇಲೆ ಹರವಿಕೊಂಡು, ಕುತ್ತಿಗೆಯಿಂದ ಶುರು ಮಾಡಿ ತೋಳಿನ ಜೋಡಣೆಯವರೆಗೆ ಬೆರಳು ಆಡಿಸಿದಳು. ಕಂಕುಳ ಹತ್ತಿರ ನಿಲ್ಲಿಸಿ, "ಇಲ್ಲೆ ಒಂದ ಎಳಿ ಸಡಿಲ ಐತಿ ಕಸ್ತೂರಿ" ಅಂದಳು. ಅವ್ವ ನೋಡಿದಳು. ಇತ್ತು. ಇಬ್ಬರೂ ಬಹಳ ಹೊತ್ತು ನಕ್ಕರು.

ಆ ಚಳಿಗಾಲದ ಒಂದು ರಜೆಯ ದಿನ. ಅಪ್ಪ ಹೊರಗೆ ಕಟ್ಟೆಯ ಮೇಲೆ ಎಳೆ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದ. ನಾನು ಅವನ ಪಕ್ಕದಲ್ಲಿ ಶೇಂಗಾ ಸುಲಿಯುತ್ತಿದ್ದೆ. ಒಬ್ಬ ಹೆಂಗಸು ಸಣ್ಣ ಮಗಳ ಕೈ ಹಿಡಿದುಕೊಂಡು ಗಲ್ಲಿಯೊಳಗೆ ಬಂದಳು. ಎರಡು ಮೂರು ಮನೆಗಳ ಮುಂದೆ ನಿಂತು ಕೇಳುತ್ತ ನಮ್ಮ ಮನೆಯವರೆಗೆ ಬಂದಳು. ಆ ಗಲ್ಲಿಯಲ್ಲಿ ನಮ್ಮ ಮನೆಯನ್ನು ಹುಡುಕಿಕೊಂಡು ಬರುವವರು ಅಜ್ಜನ ಹೆಸರು ಹೇಳುತ್ತಿದ್ದರು, ಇಲ್ಲವೆಂದರೆ ಅಪ್ಪನ ಹೆಸರು.

"ಕಸ್ತೂರಿಬಾಯಿ ಅವರ ಮನಿ ಇದ ಏನ್ರಿ?" ಎಂದು ಕೇಳಿದಳು.

ಒಳಗೆ ಗಾಡಿ ಆಚೆ ಈಚೆ ಓಡುತ್ತಿತ್ತು. ಅಪ್ಪ ಎದ್ದು ನಿಂತು ಪಂಚೆ ಸರಿಮಾಡಿಕೊಂಡ.

"ಹೌದ್ರಿ, ಅವರ ಮನೀನ," ಅಂದ. "ಬರ್ರಿ, ಒಳಗ ಬರ್ರಿ. ಕೆಲಸದಾಗ ಅದಾರ. ಈ ಸಾಲು ಮುಗಿಯೂತನಾ ಕುಂದರ್ರಿ."

ಹೆಂಡತಿಯನ್ನು ಅವನು ಬಹುವಚನದಲ್ಲಿ ಕರೆದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಒಳಗೆ ಅವ್ವನೂ ಕೇಳಿಸಿಕೊಂಡಳು. ಅವಳ ಕೈ ಸಾಲಿನ ನಡುವೆ ನಿಂತಿತು. ಕಿಟಕಿಯ ಸರಳುಗಳ ನಡುವಿನಿಂದ ನನಗೆ ಅವಳ ಕಿವಿ, ಕೆನ್ನೆ, ಬಾಗಿದ ಕುತ್ತಿಗೆ ಕಾಣುತ್ತಿದ್ದವು. ಅವಳು ಹೊರಗೆ ತಿರುಗಿ ನೋಡಲಿಲ್ಲ. ಸಾಲು ಮುಗಿಸಿ, ಬಂದವರನ್ನು ಮಾತಾಡಿಸಲು ಎದ್ದಳು.